ಐದನೆಯ ಹಾಳೆ

"ಆ ಡ್ರಾಯರ್ ತೆಗಿ."

"ತೆಗೆಯಲ್ಲ."

"ತೆಗಿ ಅಂದೆ."

"ಕೀಲಿ ಕಳೆದುಹೋಗಿದೆ."

"ಮತ್ತೆ ನಿನ್ನ ಕೊರಳಲ್ಲಿ ನೇತಾಡ್ತಿರೋದು ಏನು, ಸೀಟಿನಾ?"

ಗಾಜಣ್ಣ ತಟ್ಟನೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಆದರೆ ಕಾಲ ಮಿಂಚಿತ್ತು. ಅಂಟಮ್ಮನ ಕಣ್ಣಿಗೆ ಒಮ್ಮೆ ಬಿದ್ದ ವಸ್ತು ಮತ್ತೆ ತಪ್ಪಿಸಿಕೊಂಡ ಉದಾಹರಣೆ ಈ ಭೂಮಂಡಲದಲ್ಲಿಲ್ಲ. ಅವಳ ಮೂಗಿನ ಮಾತಂತೂ ಕೇಳಲೇಬೇಡಿ. ಅಂಥ ಮೂಗು ಲೋಕದಲ್ಲಿ ಇರುವುದೇ ಮೂರು, ಉಳಿದೆರಡೂ ಪೊಲೀಸ್ ನಾಯಿಗಳ ಮುಖದ ಮೇಲಿವೆ.

ಹರಿದ ದಾಖಲೆಗಳಿಗೆ ತೆಳು ಕಾಗದದ ತೇಪೆ ಹಾಕಿ, ಗಂಜಿಯ ಅಂಟು ಸವರಿ, ಹೊಸ ಜನ್ಮ ಕೊಡುವುದು ಅವಳ ಕಸುಬು. ಅದಕ್ಕೇ ಅಂಟಮ್ಮ. ಈ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಅಂಟಿಸಿದ ಚೂರುಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬಂದು, ಉಳಿದದ್ದರಲ್ಲಿ ಚಂದ್ರನಿಗೊಂದು ಸೊಂಟಪಟ್ಟಿ ಮಾಡಬಹುದು. ನಂಬದವರು ಅಳೆದು ನೋಡಲಿ.

"ನೋಡು ಗಾಜಣ್ಣ," ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ಪ್ರದರ್ಶನದ ಆ ಗಾಜಿನ ಪೆಟ್ಟಿಗೆಗೆ ಇರೋದು ಎರಡೇ ಕೀಲಿ. ಒಂದು ಉಗ್ರಾಣದ ಕೀಲಿತಾತನ ಗೊಂಚಲಲ್ಲಿ. ಇನ್ನೊಂದು ನಿನ್ನ ಹತ್ರ. ಪಟ್ಟಿ ಹೋಗಿದೆ. ನೀನು ನಿನ್ನೆಯಿಂದ ಈ ಡ್ರಾಯರಿಗೆ ಅಂಟ್ಕೊಂಡು ಕೂತಿದ್ದೀಯ. ಊಟಕ್ಕೂ ಎದ್ದಿಲ್ಲ. ನೀನು ಊಟ ಬಿಡೋನಾ?"

"ನನ್ನ ಮೇಲೆ ಅನುಮಾನಾನಾ? ನನ್ನ ಮೇಲೆ? ನಾನು ಇಲ್ಲಿ ಗಾಜಿನ ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದಾಗ ಈ ಗೋಡೆಗೆ ಸುಣ್ಣ ಕೂಡ ಬಳಿದಿರಲಿಲ್ಲ!"

"ಅದಕ್ಕೇ ಕೇಳ್ತಿದ್ದೀನಿ. ಹೊಸಬನಾಗಿದ್ರೆ ಇಷ್ಟೊತ್ತಿಗೆ ಸುತ್ತಿಗೆ ತಗೊಂಡು ಒಡೆದಿರ್ತಿದ್ದೆ."

ನಿನ್ನೆ ಮಧ್ಯಾಹ್ನ, ಗಾಜಿನ ಪೆಟ್ಟಿಗೆಯೊಳಗಿರುವ ದೋಣಿಪಟ್ಟಿ ಅಸಲಲ್ಲ, ನಕಲು ಎಂದು ಅಂಟಮ್ಮನೇ ಪತ್ತೆ ಹಚ್ಚಿ ಕೂಗಿದ್ದಳು. ಆ ಕ್ಷಣದಿಂದ ಈ ಕಟ್ಟಡದಲ್ಲಿ ಯಾರೂ ಒಂದು ಲೋಟ ಟೀಯನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಿಲ್ಲ.

ದೋಣಿಪಟ್ಟಿ ಎಂದರೆ ಸಾಧಾರಣ ಹಾಳೆಯಲ್ಲ. ನೂರ ಹದಿನೈದು ವರ್ಷದ ಹಿಂದೆ ನದಿ ಉಕ್ಕಿ ಇಡೀ ಊರು ಮುಳುಗಿದಾಗ ಒಬ್ಬ ದೋಣಿಗಾರ ನಲವತ್ತೇಳು ಜನರನ್ನು ದಡ ಮುಟ್ಟಿಸಿ, ಅಷ್ಟೂ ಜನರ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟ. ಇವತ್ತಿಗೂ ಈ ಊರಿನಲ್ಲಿ ಮದುವೆ ಮಾತುಕತೆಗೆ ಕೂತರೆ ಹುಡುಗ ಏನು ಓದಿದ್ದಾನೆ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, "ನೀವು ಪಟ್ಟಿಯಲ್ಲಿದ್ದೀರಾ?" ಪಟ್ಟಿಯಲ್ಲಿರುವ ಮನೆಯವರು ಬೀದಿಯಲ್ಲಿ ಬರುತ್ತಿದ್ದರೆ ಅವರ ಎದೆ ಮೊದಲು ತಿರುವು ದಾಟುತ್ತದೆ, ಅವರು ಆಮೇಲೆ ದಾಟುತ್ತಾರೆ.

ಇಷ್ಟು ವರ್ಷ ಅಸಲು ಹಾಳೆ ಉಗ್ರಾಣದ ತಗಡಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಜನ ನೋಡುತ್ತಿದ್ದದ್ದು ಗೋಡೆಯ ಮೇಲಿನ ಫೋಟೋ. ಇವತ್ತು ಸಂಜೆ ನಾಲ್ಕಕ್ಕೆ 'ದೋಣಿ ಹತ್ತಿದವರು' ಪ್ರದರ್ಶನ ತೆರೆಯುತ್ತದೆ. ಮೊದಲ ಸಲ ಅಸಲು ಹಾಳೆ ಎಲ್ಲರ ಕಣ್ಣಿಗೆ ಬೀಳಬೇಕು. ನಲವತ್ತೇಳು ಮನೆಗೂ ಕರೆಯೋಲೆ ಹೋಗಿದೆ.

ಹಾಳೆ ಮಾತ್ರ ಇಲ್ಲ.

ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದು ಗುಲಾಬಿ ಚೀಟಿ. ಉಗ್ರಾಣದಿಂದ ಏನನ್ನೇ ಹೊರಗೆ ತೆಗೆದರೂ ಅದರ ಜಾಗದಲ್ಲಿ ಚೀಟಿ ಇಡಬೇಕು, ಅದು ಇಲ್ಲಿಯ ನಿಯಮ. ಚೀಟಿಯ ಮೇಲೆ 'ಪ್ರದರ್ಶನಕ್ಕೆ' ಎಂದು ಬರೆದು, ತಾರೀಖು ಹಾಕಿ, ಕೆಳಗೆ ಸಹಿ ಮಾಡಿದವರು ಉಗ್ರಾಣದ ಕೀಲಿತಾತ. ಮೂವತ್ತನಾಲ್ಕು ವರ್ಷದಿಂದ ಒಂದು ಸೂಜಿ ಕೂಡ ಕಳೆಯದ ಕೀಲಿತಾತ. ಇನ್ನು ಹನ್ನೊಂದು ದಿನಕ್ಕೆ ನಿವೃತ್ತಿಯಾಗುವ ಕೀಲಿತಾತ.

"ಗಾಜಿನ ಪೆಟ್ಟಿಗೆಯಲ್ಲಿ ನಾನೇ ಇಟ್ಟೆ. ಆಮೇಲೆ ನಂಗೊತ್ತಿಲ್ಲ," ಎಂದಷ್ಟೇ ಹೇಳಿ ಅವರು ಬಾಯಿ ಹೊಲಿದುಕೊಂಡಿದ್ದರು.

ನಿರ್ದೇಶಕರು ಮೇಜು ಕುಟ್ಟಿ ಹೇಳಿದ್ದರು: ನಾಲ್ಕು ಗಂಟೆಯೊಳಗೆ ಹಾಳೆ ಸಿಗದಿದ್ದರೆ ತಾತ ಕೀಲಿಗೊಂಚಲನ್ನು ಎಲ್ಲರೆದುರು ಮೇಜಿನ ಮೇಲಿಟ್ಟು ಹೋಗಬೇಕು, ಅದರ ಹಿಂದೆಯೇ ಠಾಣೆಗೆ ಫೋನ್ ಹೋಗುತ್ತದೆ.

ಈಗ ಗಂಟೆ ಒಂದೂ ಹತ್ತು.

"ಗಾಜಣ್ಣ," ಅಂಟಮ್ಮ ದನಿ ತಗ್ಗಿಸಿದಳು. "ತಾತನ ಮುಖ ನೋಡಿದ್ಯಾ? ರಾತ್ರಿಯಿಡೀ ನಿದ್ದೆ ಮಾಡಿಲ್ಲ ಆ ಮನುಷ್ಯ."

ಗಾಜಣ್ಣ ಅಂಗಿಯ ಗುಂಡಿ ಬಿಚ್ಚಿದ. ಕೊರಳಿನ ದಾರ ತೆಗೆದ. ಡ್ರಾಯರ್ ಕಿರ್ರೆಂದು ತೆರೆಯಿತು.

ಒಳಗೆ ಅಂಗೈಯಗಲದ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ನೀಲಿ ಬಟ್ಟೆಯ ಮೇಲೆ ಹಳೆಯ ಹಿತ್ತಾಳೆ ಬೀಗ, ಬಂಗಾರ ನಾಚುವಷ್ಟು ಉಜ್ಜಿ ಬೆಳಗಿಸಿದ್ದು. ಪಕ್ಕದಲ್ಲಿ, ಪ್ರದರ್ಶನದ ವಸ್ತುಗಳಿಗೆ ಹಾಕುವಂಥದೇ ಒಂದು ಪುಟ್ಟ ಫಲಕ:

'ವಸ್ತು: ಕೀಲಿತಾತ. ಅವಧಿ: ಮೂವತ್ತನಾಲ್ಕು ವರ್ಷ. ಸ್ಥಿತಿ: ಉತ್ತಮ, ಮಂಡಿ ಹೊರತುಪಡಿಸಿ. ಸೂಚನೆ: ದಯವಿಟ್ಟು ಮುಟ್ಟಿ ಮಾತಾಡಿಸಿ.'

"ಅವರು ಸೇರಿದ ದಿನ ಹಾಕಿದ ಮೊದಲ ಬೀಗ," ಗಾಜಣ್ಣ ಗೊಣಗಿದ. "ಕಸದಲ್ಲಿತ್ತು. ಬೀಳ್ಕೊಡುಗೆ ದಿನ ಕೊಡೋಣ ಅಂತ... ಈಗ ನೀವು ನೋಡಿಬಿಟ್ರಿ. ಆಯ್ತಲ್ಲ, ಎಲ್ಲಾ ಹಾಳು."

ಅಂಟಮ್ಮ ಎರಡು ನಿಮಿಷ ಕಿಟಕಿಯ ಕಡೆ ತಿರುಗಿ ನಿಂತಳು.

"ಅಳ್ತಿದ್ದೀರಾ?"

"ನಿನ್ನ ಈ ಸಾಮಾನಿನ ಧೂಳು ಕಣ್ಣಿಗೆ ಬಿತ್ತು. ಮುಚ್ಚು ಡ್ರಾಯರ್. ನಾನೇನೂ ನೋಡಿಲ್ಲ."

ಆ ಕೋಣೆಯ ಮೂಲೆಯಲ್ಲಿ ಒಂದು ಅಗಲವಾದ ತಟ್ಟೆಯಿತ್ತು. ಅದರ ತಳದಲ್ಲಿ ಕಂದು ನೀರಿನ ಕರೆ. ಹತ್ತು ಜನ ಕುಡಿದರೂ ಮುಗಿಯದಷ್ಟು ಟೀ ಕಾಯಿಸಿ, ಆರಿಸಿ, ಅದರಲ್ಲಿ ಬಿಳಿ ಹಾಳೆ ಅದ್ದಿ ಒಣಗಿಸಿದರೆ ನಿನ್ನೆ ಹುಟ್ಟಿದ ಕಾಗದಕ್ಕೂ ನೂರು ವರ್ಷ ವಯಸ್ಸಾಗುತ್ತದೆ. ಗಾಜಣ್ಣನ ನಕಲು ಹಾಳೆಗಳೆಲ್ಲ ಈ ತಟ್ಟೆಯಲ್ಲಿ ಮಿಂದು ಬಂದವೇ.

"ಒಂದು ಹೇಳು. ದೋಣಿಪಟ್ಟಿಯ ನಕಲು ಎಷ್ಟು ಮಾಡಿದ್ದೆ?"

"ನಾಲ್ಕು."

"ಸರಿಯಾಗಿ ನೆನಪು ಮಾಡ್ಕೊ."

"ನಾಲ್ಕೇ ಅಂದ್ನಲ್ಲ! ಹಾಳೆ ಒಣಗೋಕೆ ಹಾಕೋ ಕ್ಲಿಪ್ ನನ್ನ ಹತ್ರ ಇರೋದೇ ನಾಲ್ಕು. ಒಂದನ್ನ ಅಳತೆ ನೋಡೋಕೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ತಾತ ಅಸಲು ತಂದಾಗ ಅದನ್ನ ತೆಗೀತೀನಿ ಅಂದಿದ್ರು. ಉಳಿದ ಮೂರು 'ಮುಟ್ಟಿ ನೋಡಿ' ಮೇಜಿನ ಮೇಲಿವೆ."

"ನಾಲ್ಕು," ಎಂದು ಅಂಟಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. "ಪೆಟ್ಟಿಗೆಯಲ್ಲಿ ಒಂದು. ಮೇಜಿನ ಮೇಲೆ ಮೂರು."

ಎದ್ದು ಹೊರಟಳು.

ಮೆಟ್ಟಿಲಿಳಿಯುವಾಗಲೇ ಅತ್ತಿಗೆಯ ದನಿ ಕೇಳಿಸಿತು. ಅಂಟಮ್ಮನ ಅಣ್ಣನ ಹೆಂಡತಿ ಇಲ್ಲಿಯ ಗೈಡ್. ಮೈಕು ಮುಟ್ಟಿದವಳಲ್ಲ. ಆ ದನಿಗೆ ಕೆಳಗಿನ ಹಾಲಿನಲ್ಲಿರುವ ತಿಮಿಂಗಿಲದ ಅಸ್ಥಿಪಂಜರದ ಸ್ಕ್ರೂಗಳು ತಿಂಗಳಿಗೊಮ್ಮೆ ಸಡಿಲವಾಗುತ್ತವೆ. ಆರು ತಿಂಗಳಿಂದ ಹೊರಗಿನ ಗಡಿಯಾರದ ಮೇಲೆ ಒಂದು ಪಾರಿವಾಳವೂ ಕೂತಿಲ್ಲ.

"ಆಮೇಲೆ ಏನಾಯ್ತು ಗೊತ್ತಾ? ನೀರು ಈ ಕಿಟಕಿವರೆಗೂ ಬಂತು! ಅಲ್ಲಲ್ಲ, ಆ ಕಿಟಕಿವರೆಗೂ!"

ಅರವತ್ತು ಶಾಲಾ ಮಕ್ಕಳು ಬಾಯಿ ತೆರೆದು ಮೇಲಿನ ಕಿಟಕಿ ನೋಡುತ್ತಿದ್ದರು. ಹೋದ ವಾರ ನೀರು ಕೆಳಗಿನ ಕಿಟಕಿಯವರೆಗೆ ಮಾತ್ರ ಬಂದಿತ್ತು. ಈ ಹೆಂಗಸು ಇನ್ನೆರಡು ವರ್ಷ ಗೈಡ್ ಆಗಿದ್ದರೆ ಆ ಪ್ರವಾಹ ಹೆಂಚಿನ ಮೇಲೆ ಹತ್ತಿ ಕೂರುವುದು ಖಚಿತ.

ಹಾಲಿನ ನಡುವೆ ಉದ್ದನೆಯ ಮರದ ಮೇಜು. ಅದರ ಮೇಲೆ ದೊಡ್ಡ ಅಕ್ಷರದ ಬೋರ್ಡು: 'ಮುಟ್ಟಿ ನೋಡಿ! ಇವೆಲ್ಲ ನಕಲು.' ದೋಣಿಯ ಹುಟ್ಟಿನ ಮಾದರಿ, ಹಳೆಯ ಲಾಟೀನಿನ ಮಾದರಿ, ಹಗ್ಗದ ಗಂಟು, ದೋಣಿಪಟ್ಟಿಯ ಹಾಳೆಗಳು. ಪ್ರದರ್ಶನ ತೆರೆಯುವುದು ಸಂಜೆಗಾದರೂ ಈ ಮೇಜಿಗೆ ಎರಡು ದಿನದಿಂದಲೇ ಮಕ್ಕಳನ್ನು ಬಿಡುತ್ತಿದ್ದರು. ನಿನ್ನೆಯಿಂದ ಇಡೀ ಸಿಬ್ಬಂದಿ ಉಗ್ರಾಣವನ್ನು ಇಂಚಿಂಚು ಜಾಲಾಡಿತ್ತು. ಕಸದ ಬುಟ್ಟಿ ಬಗ್ಗಿಸಿತ್ತು. ನಿರ್ದೇಶಕರ ಕುರ್ಚಿಯ ದಿಂಬಿನೊಳಗೂ ಕೈ ಹಾಕಿತ್ತು. ಈ ಮೇಜಿನ ಕಡೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ. ನಕಲು ಎಂದು ಬೋರ್ಡು ಹಾಕಿದ ಕಡೆ ಅಸಲನ್ನು ಹುಡುಕುವವರು ಯಾರು?

ಅತ್ತಿಗೆ ಮಾತಾಡುತ್ತ ಒಂದು ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಅಂಟಮ್ಮ ಮೇಜಿನ ಮೇಲೆ ಕಣ್ಣಾಡಿಸಿದಳು. ಒಂದು ಹಾಳೆ ಇಬ್ಬರು ಹುಡುಗಿಯರ ಕೈಯಲ್ಲಿ. ಒಂದು ಲಾಟೀನಿನ ಕೆಳಗೆ. ಒಂದು ಅಂಚಿನಲ್ಲಿ, ಅರ್ಧ ಸುರುಳಿ ಸುತ್ತಿ ಬಿದ್ದಿತ್ತು.

ಮೂರು.

ಮತ್ತೆ ಅತ್ತಿಗೆಯ ಕೈಯಲ್ಲಿರುವುದು?



"ಅತ್ತಿಗೆ," ಅವಳು ಮಲಗಿದ ಮಗುವನ್ನು ದಾಟುವವಳ ಹಾಗೆ ಹತ್ತಿರ ಹೋದಳು. "ಬೀಸ್ಕೋಬೇಡಿ."

"ಯಾಕೇ? ಸೆಖೆ ಕಣೇ. ಅರವತ್ತು ಮಕ್ಕಳ ಉಸಿರು!"

"ಕೈ ಅಲ್ಲಾಡಿಸ್ಬೇಡಿ. ಹಾಗೇ ನಿಲ್ಲಿ."

"ಏನು, ಜೇನುಹುಳ ಕೂತಿದ್ಯಾ?" ಅತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅರವತ್ತು ಮಕ್ಕಳೂ ಉಸಿರು ಬಿಗಿಹಿಡಿದರು.

"ಈ ಹಾಳೇನೇ ಯಾಕೆ ತಗೊಂಡ್ರಿ? ಅಲ್ಲಿ ಇನ್ನೂ ಮೂರಿದ್ವಲ್ಲ."

"ಅವು ದಂಡ ಕಣೇ. ಎರಡು ಸಲ ಬೀಸಿದ್ರೆ ಒದ್ದೆ ಕರವಸ್ತ್ರದ ಥರ ಜೋಲು ಬೀಳ್ತವೆ. ಇದೊಂದೇ ಗಟ್ಟಿ. ನಿನ್ನೆಯಿಂದ ಇದ್ರಲ್ಲೇ ಬೀಸ್ಕೋತಿದ್ದೀನಿ, ಗಾಳಿ ಏನು ಚೆನ್ನಾಗಿ ಬರತ್ತೆ ಗೊತ್ತಾ!"

ಅಂಟಮ್ಮ ಎರಡೂ ಅಂಗೈ ಕೆಳಗೆ ಚಾಚಿ ಹಾಳೆಯನ್ನು ಇಳಿಸಿಕೊಂಡಳು. ಬೆರಳು ತಾಗಿದ ಕೂಡಲೇ ಗೊತ್ತಾಗಿಹೋಯಿತು. ಹಳೆಯ ಬಟ್ಟೆಯ ಚಿಂದಿ ಅರೆದು, ಅಚ್ಚಿನಲ್ಲಿ ಕೈಯಿಂದ ಎತ್ತಿದ ಕಾಗದ. ಅಂಚನ್ನು ಮೆಲ್ಲಗೆ ತಟ್ಟಿದರೆ ಟಣಕ್ ಎನ್ನುವಂಥದು. ಶಾಯಿ ಕಾಗದಕ್ಕೆ ಕಚ್ಚಿ ಅಕ್ಷರಗಳ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತು ಹಂಡೆ ಟೀ ಸುರಿದರೂ ಗಾಜಣ್ಣನಿಗೆ ಅದು ಬರುವುದಿಲ್ಲ.

"ಅತ್ತಿಗೆ, ನೀವು ನಿನ್ನೆಯಿಂದ ದೋಣಿಪಟ್ಟಿಯಲ್ಲಿ ಗಾಳಿ ಬೀಸ್ಕೋತಿದ್ದೀರ."

"ಹೌದು, ನಕಲು."

"ಅಸಲು."

ಈ ಕಟ್ಟಡದ ಇತಿಹಾಸದಲ್ಲಿ ಅತ್ತಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು. ಹನ್ನೊಂದು ಸೆಕೆಂಡು. ಹೊರಗೆ ಗಡಿಯಾರದ ಮೇಲೆ ಎರಡು ಪಾರಿವಾಳ ಬಂದು ಕೂತವಂತೆ.

ಹನ್ನೆರಡನೆಯ ಸೆಕೆಂಡಿಗೆ ಅವಳು ಕಿರುಚಿದ್ದು ಕೇಳಿ ನಿರ್ದೇಶಕರು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಬಂದರು.

"ಸಿಕ್ತಾ? ಎಲ್ಲಿ? ಯಾರ ಹತ್ರ?"

"ಯಾರ ಹತ್ರಾನೂ ಅಲ್ಲ ಸಾರ್. ಮೇಜಿನ ಮೇಲೆ," ಅಂಟಮ್ಮ ಹಾಳೆಯನ್ನು ಶುಭ್ರವಾದ ರಟ್ಟಿನ ಮೇಲೆ ಇಟ್ಟುಕೊಂಡಿದ್ದಳು. "ಕದ್ದೋರು ಯಾರೂ ಇಲ್ಲ. ತಾತ ಅಸಲು ಹಿಡ್ಕೊಂಡು ಬಂದ್ರು. ಪೆಟ್ಟಿಗೆಯಲ್ಲಿ ಅಳತೆಗೆ ಇಟ್ಟ ನಕಲು ಇತ್ತು. ಅದನ್ನ ಎತ್ತಿದ್ರು. ಕೈಯಲ್ಲಿ ಎರಡು ಹಾಳೆ, ಎರಡೂ ಒಂದೇ ಬಣ್ಣ. ಯಾವುದನ್ನ ಒಳಗಿಡಬೇಕಿತ್ತೋ ಅದು ಮೇಜಿಗೆ ಬಂತು, ಮೇಜಿಗೆ ಬರಬೇಕಾದ್ದು ಒಳಗೆ ಹೋಯ್ತು. ಗಾಜಣ್ಣನ ಕೈಚಳಕ ಅಷ್ಟು ಚೆನ್ನಾಗಿದೆ, ಏನ್ಮಾಡೋದು!"

ಹಿಂದೆಯೇ ಓಡಿ ಬಂದಿದ್ದ ಗಾಜಣ್ಣ ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯದೆ, ಎರಡಕ್ಕೂ ಇರಲಿ ಎಂದು ತಲೆಯಾಡಿಸಿದ.

"ಆದ್ರೂ..." ನಿರ್ದೇಶಕರು ಎಳೆದರು. "ಇಷ್ಟು ವರ್ಷ ಕೆಲಸ ಮಾಡಿದೋರು..."

"ಕದಿಯೋನು ಸಹಿ ಮಾಡಿದ ಚೀಟಿ ಇಟ್ಟು ಕದೀತಾನಾ ಸಾರ್? ತಾರೀಖು ಹಾಕಿ?"

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಆಶ್ಚರ್ಯ ನೋಡಿ, ನಕ್ಕರು. ಇಡೀ ಹಾಲು ನಕ್ಕಿತು. ವಿಷಯ ಏನೆಂದು ತಿಳಿಯದ ಅರವತ್ತು ಮಕ್ಕಳು ಚಪ್ಪಾಳೆ ತಟ್ಟಿದರು.

ಯಾರೋ ಕೀಲಿತಾತನನ್ನು ಕರೆತಂದರು. ತೆಳ್ಳಗಿನ ಮನುಷ್ಯ. ಸೊಂಟದ ಗೊಂಚಲಿನ ಭಾರಕ್ಕೆ ಎಡಗಡೆ ವಾಲಿಯೇ ನಡೆಯುತ್ತಾರೆ. ನಿರ್ದೇಶಕರು ಅವರ ಎರಡೂ ಕೈ ಹಿಡಿದುಕೊಂಡು, "ನಂದೇ ತಪ್ಪಾಯ್ತು ತಾತ. ಮನಸ್ಸಿಗೆ ಹಚ್ಕೋಬೇಡಿ. ಸಂಜೆ ಪೆಟ್ಟಿಗೆಯಲ್ಲಿ ಪಟ್ಟಿ ಇಡೋರು ನೀವೇ. ಎಲ್ಲರೆದುರು," ಎಂದರು.

ತಾತ ನಗಲಿಲ್ಲ. ಅಂಟಮ್ಮನ ಕೈಯಲ್ಲಿದ್ದ ಹಾಳೆ ನೋಡಿ, "ಹರಿದಿಲ್ವಾ?" ಎಂದು ಮಾತ್ರ ಕೇಳಿದರು.

"ಒಂದು ಚೂರೂ ಇಲ್ಲ ತಾತ. ಬರೀ ಬೆರಳಿನ ಕೊಳೆ. ಅರ್ಧ ಗಂಟೆಯಲ್ಲಿ ತೆಗೆದುಬಿಡ್ತೀನಿ."

"ಓಹೋ," ಎಂದರು ತಾತ.

ಎರಡು ದಿನದ ಆಯಾಸ, ಪಾಪ, ಎಂದುಕೊಂಡಳು ಅಂಟಮ್ಮ.

ಆ ಮಧ್ಯಾಹ್ನದಷ್ಟು ಚೆಂದದ ಮಧ್ಯಾಹ್ನ ವಸ್ತುಸಂಗ್ರಹಾಲಯಗಳ ಚರಿತ್ರೆಯಲ್ಲೇ ಆಗಿಲ್ಲ ಎಂದರೆ ಅದು ಉತ್ಪ್ರೇಕ್ಷೆಯಲ್ಲ, ಕಡಿಮೆಯೇ ಹೇಳಿದ ಹಾಗಾಯಿತು. ಕ್ಯಾಂಟೀನಿನವನು ಎಲ್ಲರಿಗೂ ಬಿಸಿ ಟೀ ಕೊಟ್ಟ. ಗಾಜಣ್ಣ ಎರಡು ದಿನದ ಊಟವನ್ನು ಒಂದೇ ಸಲ ಮಾಡಿದ. ಅತ್ತಿಗೆ ಮುಂದಿನ ಗುಂಪಿನ ಮಕ್ಕಳಿಗೆ, ಕಳೆದುಹೋಗಿದ್ದ ಪಟ್ಟಿಯನ್ನು ತಾನೇ ಪ್ರಾಣ ಒತ್ತೆಯಿಟ್ಟು ಎರಡು ದಿನ ಎದೆಗವಚಿಕೊಂಡು ಕಾಪಾಡಿದ ಕಥೆ ಹೇಳತೊಡಗಿದಳು.

ಅಂಟಮ್ಮ ತನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು.

ಈ ಕೋಣೆ ಎಂದರೆ ಅವಳಿಗೆ ಜೀವ. ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಬಂದು ನಿಲ್ಲುತ್ತದೆ, ಮುಂದಕ್ಕೆ ಬರುವುದಿಲ್ಲ. ಸಣ್ಣ ಬಟ್ಟಲಿನಲ್ಲಿ ಗಂಜಿಯ ಅಂಟು, ಅದರ ಮೆಲ್ಲನೆಯ ಹುಳಿ ವಾಸನೆ. ಗೋಡೆಗೆ ಒರಗಿದ ಒಂಬತ್ತು ಕುಂಚ. ಮೃದುವಾದ ರಬ್ಬರ್ ಪುಡಿಯನ್ನು ಹಾಳೆಯ ಅಂಚಿಗೆ ಉದುರಿಸಿ, ಬೆರಳ ತುದಿಯಿಂದ ಸುತ್ತು ಸುತ್ತಾಗಿ ಉರುಳಿಸಿದಳು. ಎರಡು ದಿನದ ಪುಟ್ಟ ಪುಟ್ಟ ಬೆರಳುಗಳ ಕೊಳೆ ಪುಡಿಗೆ ಅಂಟಿ ಬಂತು. ಹೊರಗೆ ಜನ ಸೇರುವ ಗದ್ದಲ, ಕುರ್ಚಿ ಎಳೆಯುವ ಸದ್ದು.

ಒಬ್ಬ ಮನುಷ್ಯನ ಮೂವತ್ತನಾಲ್ಕು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಅಂಟಿಸಿಕೊಟ್ಟೆನಲ್ಲ ಎಂದು ಅವಳ ಒಳಗೆ ಏನೋ ಬೆಚ್ಚಗೆ ಹರಡಿಕೊಂಡಿತು.

ಬಾಗಿಲು ಸರಿಯಿತು. ಕೀಲಿತಾತ. ಒಳಗೆ ಬಂದವರೇ ಹಿಂದೆ ಕೈ ಚಾಚಿ ಅಗುಳಿ ಹಾಕಿದರು.

"ಬನ್ನಿ ತಾತ, ಕೂತ್ಕೊಳ್ಳಿ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ, ಮೊದಲೇ ಹೇಳಿದ್ದೀನಿ."

ತಾತ ಕೂರಲಿಲ್ಲ. "ಬೆಳಕಿಗೆ ಹಿಡಿದು ನೋಡಿದ್ಯೇನಮ್ಮ?"

"ಅಂಚು ನೋಡಿದೆ. ಗಟ್ಟಿಯಾಗೇ ಇದೆ."

"ಅಂಚಲ್ಲ. ನಡುವೆ."

ಅವರ ದನಿಯಲ್ಲಿ ಏನೋ ಇತ್ತು. ಅಂಟಮ್ಮ ಪಕ್ಕದ ದೀಪದ ಮೇಜಿನ ಗುಂಡಿ ಒತ್ತಿದಳು. ಅದರ ಮೇಲ್ಮೈ ಹಾಲುಬಣ್ಣದ ಗಾಜು, ಅಡಿಯಿಂದ ಬೆಳಕು. ಹಾಳೆಯನ್ನು ಅದರ ಮೇಲೆ ಹಾಸಿದಳು.

ನಲವತ್ತೇಳು ಹೆಸರುಗಳು ಕಪ್ಪಗೆ ಎದ್ದು ನಿಂತವು. ಅವುಗಳ ಹಿಂದೆ, ಕಾಗದದ ಮೈಯೊಳಗೇ, ಬೆಳಕಿಗೆ ಮಾತ್ರ ಕಾಣುವಂತೆ ತಯಾರಕರು ಅಚ್ಚಿನಲ್ಲೇ ಕೂಡಿಸಿದ ಗುರುತು ಮೂಡಿತು. ಒಂದು ತೂಗುಗಂಟೆಯ ಚಿತ್ರ. ಅದರ ಕೆಳಗೆ ಕಾಗದ ಹುಟ್ಟಿದ ಇಸವಿ.

ಅಂಟಮ್ಮ ಒಮ್ಮೆ ಓದಿದಳು. ಭೂತಗನ್ನಡಿ ಇಟ್ಟು ಮತ್ತೊಮ್ಮೆ ಓದಿದಳು.

ಪ್ರವಾಹ ಬಂದು ಹೋದ ಹನ್ನೊಂದು ವರ್ಷದ ನಂತರದ ಇಸವಿ.

"ಇದು ಹೇಗೆ..." ಅವಳು ಭೂತಗನ್ನಡಿ ಕೆಳಗಿಟ್ಟಳು. "ಆ ರಾತ್ರಿ ಈ ಕಾಗದ ಇನ್ನೂ ಹುಟ್ಟೇ ಇರಲಿಲ್ವಲ್ಲ ತಾತ!"

"ಇರಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಸೇರಿದ ವರ್ಷದಿಂದ ಗೊತ್ತು. ತಗಡಿನ ಪೆಟ್ಟಿಗೆ ಒಳಗಿರೋವರೆಗೂ ಯಾರಿಗೂ ತೊಂದರೆ ಇರಲಿಲ್ಲ. ಈ ಸಲ ಗಾಜಣ್ಣ ಹೊಸ ಥರದ ಪೆಟ್ಟಿಗೆ ಕಟ್ಟಿದ. ಹಾಳೆ ಅಡಿಯಿಂದ ದೀಪ. ನಾಲ್ಕು ಗಂಟೆಗೆ ಸ್ವಿಚ್ ಹಾಕಿದ್ರೆ ಊರಿಗೆ ಊರೇ ಆ ಇಸವಿ ಓದ್ತಿತ್ತು."

ಅಂಟಮ್ಮ ನಿಧಾನವಾಗಿ ತಲೆ ಎತ್ತಿದಳು.

"ಹಾಳೆ ಅದಲುಬದಲಾಗಿದ್ದು ತಪ್ಪಿನಿಂದ ಅಲ್ಲ."

"ಅಲ್ಲಮ್ಮ. ನಾನೇ ಮಾಡಿದೆ. ಬಚ್ಚಿಡೋಣ ಅಂದ್ರೆ ಉಗ್ರಾಣ ಎಲ್ಲಾ ಜಾಲಾಡ್ತಾರೆ ಅಂತ ಗೊತ್ತಿತ್ತು. ಸುಟ್ಟುಹಾಕೋಣ ಅಂತ ಒಲೆ ಹತ್ರ ಹೋದೆ, ಕೈ ಬರಲಿಲ್ಲ. ಈ ಕೈ ಯಾವತ್ತೂ ಒಂದು ಕಾಗದ ಹಾಳು ಮಾಡಿಲ್ಲ. ಮಕ್ಕಳ ಕೈಗೆ ಕೊಟ್ಟುಬಿಟ್ಟೆ. ಒಂದು ತಿಂಗಳಲ್ಲಿ ಅವರೇ ಸವೆಸಿ ಮುಗಿಸ್ತಾರೆ ಅಂದ್ಕೊಂಡೆ."

"ಮತ್ತೆ ಆ ಚೀಟಿ? ಚೀಟಿ ಯಾಕೆ ಇಟ್ರಿ?"

"ಹಾಳೆ ತೆಗೆದ ಜಾಗದಲ್ಲಿ ಚೀಟಿ ಇಡದೆ ಬರೋದು ಹೇಗಮ್ಮ?" ತಾತ ನಿಜವಾಗಿಯೂ ಗೊಂದಲಗೊಂಡವರಂತೆ ಕೇಳಿದರು.

ಅಂಟಮ್ಮನಿಗೆ ಈ ಮನುಷ್ಯನನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

"ನಿಮ್ಮನ್ನ ಕಳ್ಳ ಅಂತಿದ್ರಲ್ಲ ತಾತ! ಎಲ್ಲರೆದುರು!"

"ಪಟ್ಟಿ ಕಳೆದುಹೋದ್ರೆ ನನ್ನೊಬ್ಬನ ಹೆಸರು ಹೋಗುತ್ತೆ. ಸಿಕ್ಕಿದ್ರೆ ಇಪ್ಪತ್ತೆಂಟು ಮನೆ ಹೆಸರು ಹೋಗುತ್ತೆ."

"ಇಪ್ಪತ್ತೆಂಟಾ? ಪಟ್ಟಿಯಲ್ಲಿರೋದು ನಲವತ್ತೇಳಲ್ವಾ?"

ತಾತ ಅಂಗಿಯ ಒಳಜೇಬಿಗೆ ಕೈ ಹಾಕಿ ಒಂದು ಲಕೋಟೆ ತೆಗೆದರು. ಅದರಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ಜಾರಿಸಿ ಪಟ್ಟಿಯ ಪಕ್ಕದಲ್ಲಿ, ಬೆಳಕಿನ ಮೇಲೆ ಇಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದು. ಸುತ್ತ ಅಲೆಯಲೆಯಾಗಿ ಕಂದು ಕರೆ. ಅದು ಟೀಯಲ್ಲ. ಅಂಟಮ್ಮನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅದು ಹೊಳೆಯ ನೀರು. ನೆನೆದು, ಉಬ್ಬಿ, ಒಣಗಿದ ಕಾಗದ. ಮೇಲೆ ಸೀಸದ ಕಡ್ಡಿಯಲ್ಲಿ, ನಡುಗುವ ಕೈಯಲ್ಲಿ ಬರೆದ ಹೆಸರುಗಳು.

ಅವಳು ಎಣಿಸಿದಳು. ಹತ್ತೊಂಬತ್ತು.

"ಅಸಲು ಇದು," ತಾತ ಹೇಳಿದರು. "ಒಂದು ಹಳೇ ಪುಸ್ತಕದ ರಟ್ಟಿನೊಳಗೆ ಸಿಕ್ತು, ಮೂವತ್ತನಾಲ್ಕು ವರ್ಷದ ಹಿಂದೆ. ದೋಣಿಗಾರ ದಡಕ್ಕೆ ತಂದದ್ದು ಹತ್ತೊಂಬತ್ತೇ ಜನಾನ."

ಬಾಗಿಲ ಮೇಲೆ ಟಕಟಕ ಸದ್ದು.

"ಅಂಟಮ್ಮ!" ನಿರ್ದೇಶಕರ ದನಿ, ಹಬ್ಬದ ಮನೆಯ ಯಜಮಾನನ ಖುಷಿಯಲ್ಲಿ. "ಆಯ್ತಾ? ನಲವತ್ತೇಳು ಮನೆಯೋರೂ ಬಂದು ಕೂತಿದ್ದಾರೆ! ತಾತ ಇಲ್ಲೇ ಇದಾರಾ?"

ಅಂಟಮ್ಮನ ಕಣ್ಣು ಒಂದು ಹಾಳೆಯಿಂದ ಇನ್ನೊಂದಕ್ಕೆ ಓಡುತ್ತಿತ್ತು. ಹತ್ತೊಂಬತ್ತು ಹೆಸರೂ ಎರಡರಲ್ಲೂ ಇದ್ದವು. ಉಳಿದ ಇಪ್ಪತ್ತೆಂಟನ್ನು ದೊಡ್ಡ ಹಾಳೆಯಲ್ಲಿ ಅವುಗಳ ನಡುನಡುವೆ ನೀಟಾಗಿ ಸೇರಿಸಲಾಗಿತ್ತು. ಮುದ್ದಾದ, ಓದಿದವರ ಅಕ್ಷರ. ದೋಣಿ ಹುಟ್ಟು ಹಾಕುವ ಕೈಯದಲ್ಲ.

"ತಾತ," ಅವಳು ಪಿಸುಗುಟ್ಟಿದಳು. "ಹಾಗಾದ್ರೆ ಈ ನಲವತ್ತೇಳು ಹೆಸರು ಬರೆದೋರು ಯಾರು?"

ಬಾಗಿಲು ಮತ್ತೆ ಬಡಿಯಿತು, ಈ ಸಲ ಜೋರಾಗಿ. ಅಗುಳಿ ಅಲುಗಾಡಿತು.

ಕೀಲಿತಾತ ಬಾಗಿಲ ಕಡೆ ಬೆರಳು ತೋರಿಸಿದರು.

"ಅವರ ಮುತ್ತಾತ."